ಅಚ್ಚುಮನೆ ಅಂಚೆ: ತರಕಾರಿ ಮಾರಿ ಸಂಗೀತ ಅಚ್ಚು ಹಾಕಿದವನು

ಹೋದ ತಿಂಗಳು ಬೇಲೂರಿನ ಓದುಗರೊಬ್ಬರು ‘ಸಂಗೀತದ ಪುಸ್ತಕ ಅಚ್ಚು ಹಾಕಿಸಿ ಉದ್ಧಾರವಾದವರು ಯಾರಾದರೂ ಇದ್ದಾರೆಯೇ?’ ಎಂದು ಕೇಳಿದ್ದರು. ‘ಉದ್ಧಾರವಾದವರನ್ನು ಕಾಣೆ, ತೋಟದ ತರಕಾರಿ ಮಾರಿ ತೊಂಬತ್ತಕ್ಕೂ ಹೆಚ್ಚು ಸಂಪುಟ ಹೊರತಂದ ಜರ್ಮನ್ ವಿದ್ವಾಂಸನೊಬ್ಬನನ್ನು ಬಲ್ಲೆ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಈ ಸಲ ಸಂಪಾದಕರು ಕಳಿಸಿದ ಲಕೋಟೆ ಬಿಚ್ಚಿದರೆ ಅರ್ಧಕ್ಕರ್ಧ ಕಾಗದಗಳು ಆ ತರಕಾರಿಯವನನ್ನೇ ಕೇಳುತ್ತಿವೆ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅವನದೇ. ಮಕ್ಕಳ ಜಾತಕ, ಮನೆಯ ವಾಸ್ತು ಕೇಳಿದವರು ಕಾಯುವುದು ಬೇಡ, ಅವಕ್ಕೆ ನಾನು ಹೇಗೂ ಉತ್ತರಿಸುವುದಿಲ್ಲ.

ಆ ವಿದ್ವಾಂಸರು ಯಾರು? ಹೆಸರನ್ನೂ ಹೇಳದೆ ಹೋದಿರಲ್ಲ!
— ಸಂಗೀತ ಶಿಕ್ಷಕಿ, ಅರಕಲಗೂಡು

ಹೆಸರು ಫ್ರೀಡ್ರಿಶ್ ಕ್ರಿಸಾಂಡರ್. ಗ್ರೀಕ್ ಬೇರು ಹಿಡಿದು ಅರ್ಥ ಮಾಡಿದರೆ ‘ಚಿನ್ನದ ಮನುಷ್ಯ’. ನಮ್ಮ ಕಡೆ ಹುಟ್ಟಿದ್ದರೆ ಚಿನ್ನಪ್ಪನಾಗುತ್ತಿದ್ದ. ಹೆಸರಿನಲ್ಲಿದ್ದ ಚಿನ್ನ ಕೈಗೆ ಮಾತ್ರ ಬರಲಿಲ್ಲ. ಉತ್ತರ ಜರ್ಮನಿಯ ಮೆಕ್ಲೆನ್‌ಬರ್ಗ್ ಸೀಮೆಯ ಲ್ಯೂಬ್‌ಥೇನ್ ಎಂಬ ಸಣ್ಣ ಊರಿನಲ್ಲಿ 1826ರ ಜುಲೈ 8ರಂದು ಹುಟ್ಟಿದ. ಅಪ್ಪ ಗಿರಣಿಯವನು. ಮಗ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, 1853ರಲ್ಲಿ ರೋಸ್ಟಾಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ.

ಆತನಿಗೆ ಹಿಡಿದ ಹುಚ್ಚಿನ ಹೆಸರು ಹ್ಯಾಂಡೆಲ್. ಕ್ರಿಸ್‌ಮಸ್ ಹೊತ್ತಿಗೆ ಚರ್ಚಿನ ಕಡೆ ಹೋದವರು ‘ಹಲ್ಲೆಲೂಯಾ’ ಎಂದು ಎದೆ ತುಂಬಿ ಹಾಡುವುದನ್ನು ಕೇಳಿರುತ್ತೀರಿ. ಅದನ್ನು ಕಟ್ಟಿದವನು ಇವನು. 1685ರಲ್ಲಿ ಜರ್ಮನಿಯ ಹಾಲೆಯಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೇರೂರಿ, 1759ರಲ್ಲಿ ಅಲ್ಲೇ ತೀರಿಕೊಂಡ. ಅವನು ಸತ್ತು ನೂರು ವರ್ಷವಾಗುತ್ತ ಬಂದರೂ ಬರೆದದ್ದೆಲ್ಲ ಒಂದು ಕಡೆ ಅಚ್ಚಾಗಿರಲಿಲ್ಲ. ಇಂಗ್ಲೆಂಡಿನವರು ಎರಡು ಸಲ ಕೈಹಾಕಿ ಎರಡು ಸಲವೂ ನಡುನೀರಿನಲ್ಲಿ ಕೈಬಿಟ್ಟಿದ್ದರು.

1856ರಲ್ಲಿ ಕ್ರಿಸಾಂಡರ್, ಇತಿಹಾಸಕಾರ ಗೆರ್ವಿನುಸ್ ಮೊದಲಾದವರೊಡನೆ ಸೇರಿ ಹ್ಯಾಂಡೆಲ್ ಸಂಘವನ್ನು ಕಟ್ಟಿದ. ಹೊರಗಿನಿಂದ ನೋಡಿದರೆ ಸಂಘ, ಒಳಗೆ ಹೋದರೆ ಒಬ್ಬನೇ ಮನುಷ್ಯ. ಸಂಘ ಸಂಸ್ಥೆಗಳ ಲೆಟರ್‌ಹೆಡ್ಡನ್ನು ಮೂವತ್ತು ವರ್ಷ ಅಚ್ಚು ಹಾಕಿದವಳು ನಾನು. ಅಧ್ಯಕ್ಷರು, ಉಪಾಧ್ಯಕ್ಷರು, ಗೌರವ ಸಲಹೆಗಾರರು ಎಲ್ಲರೂ ಇದ್ದು, ಕರಡು ತಿದ್ದಲು ಬರುವವರು ಮಾತ್ರ ಪ್ರತಿಸಲವೂ ಒಬ್ಬರೇ. ಇದೂ ಅದೇ ಜಾತಿಯ ಸಂಘ.

ಹಣ ಕೊಟ್ಟವನು ಹ್ಯಾನೋವರ್‌ನ ದೊರೆ ಐದನೆಯ ಜಾರ್ಜ್. ಇಲ್ಲೊಂದು ತಮಾಷೆಯಿದೆ. ಇದೇ ಜಾರ್ಜನ ತಂದೆ 1837ರಲ್ಲಿ ರಾಜ್ಯದ ಸಂವಿಧಾನವನ್ನು ರದ್ದು ಮಾಡಿದಾಗ ಪ್ರತಿಭಟಿಸಿದ ಏಳು ಮಂದಿ ಪ್ರಾಧ್ಯಾಪಕರನ್ನು ಗ್ಯೋಟಿಂಗನ್ ವಿಶ್ವವಿದ್ಯಾಲಯದಿಂದ ಹೊರಹಾಕಿದ್ದ. ಆ ಏಳರಲ್ಲಿ ಗೆರ್ವಿನುಸ್ ಒಬ್ಬ. ಅಪ್ಪ ಓಡಿಸಿದವನ ಸಂಘಕ್ಕೆ ಮಗ ಕಾಣಿಕೆ ಕೊಟ್ಟ. ಜಾರ್ಜ್ ದೊರೆಗೆ ಎರಡೂ ಕಣ್ಣು ಕಾಣುತ್ತಿರಲಿಲ್ಲ. ತಾನು ಹಣ ಕೊಟ್ಟ ಸಂಪುಟದ ಒಂದು ಪುಟವನ್ನೂ ಆತ ನೋಡಿದವನಲ್ಲ, ಕೇಳಿದ್ದಷ್ಟೇ. ಹ್ಯಾಂಡೆಲ್ ಕೂಡ ಕೊನೆಯ ವರ್ಷಗಳಲ್ಲಿ ಕಣ್ಣು ಕಳೆದುಕೊಂಡವನೇ.

1858ರಲ್ಲಿ ಮೊದಲ ಸಂಪುಟ ಬಂತು. ಮೊದಮೊದಲು ಲೈಪ್‌ಜಿಗ್‌ನ ದೊಡ್ಡ ಸಂಗೀತ ಮುದ್ರಕರೊಬ್ಬರು ಅಚ್ಚು ಹಾಕುತ್ತಿದ್ದರು. ಆ ನಂಟು ಕಡಿಯಿತು. ಇಷ್ಟರಲ್ಲಿ 1866ರ ಯುದ್ಧದಲ್ಲಿ ಪಕ್ಕದ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯ ಗೆದ್ದು ಹ್ಯಾನೋವರ್ ರಾಜ್ಯವನ್ನೇ ನುಂಗಿತು. ದೊರೆ ದೇಶಭ್ರಷ್ಟನಾದ, ಕಾಣಿಕೆ ನಿಂತಿತು. ಆಗ ಕ್ರಿಸಾಂಡರ್ ಹ್ಯಾಂಬರ್ಗ್ ಬಳಿಯ ಬರ್ಗೆಡಾರ್ಫ್‌ನಲ್ಲಿ ತನ್ನ ಮನೆಯನ್ನೇ ಅಚ್ಚುಕೂಟ ಮಾಡಿಕೊಂಡ. ತಗಡು ಕೊರೆಯುವುದು, ಅಚ್ಚೊತ್ತುವುದು ಎಲ್ಲವೂ ಅವನ ಕಣ್ಣೆದುರಿಗೆ. ಖರ್ಚಿಗೆ ಸಾಲದ್ದಕ್ಕೆ ತೋಟದ ಹಣ್ಣು, ತರಕಾರಿ ಮಾರಿದ.

ಹೊಸ ಓದುಗರಿಗಾಗಿ ನನ್ನ ಪ್ರವರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಾಸನದ ಸಂತೇಪೇಟೆಯಲ್ಲಿ ನಮ್ಮ ತಂದೆಯ ಅಚ್ಚುಕೂಟವಿತ್ತು. ಹದಿನಾಲ್ಕನೇ ವಯಸ್ಸಿಗೆ ಮೊಳೆ ಜೋಡಿಸಲು ನಿಂತವಳು, ಅಪ್ಪ ಹೋದ ಮೇಲೆ ಟ್ರೆಡಲ್ ಯಂತ್ರವನ್ನೂ ನಾನೇ ನಡೆಸಿದೆ. ಚರ್ಚಿನ ಕರಪತ್ರ ಮಾಡಿಸಲು ಬರುತ್ತಿದ್ದ ವಯಸ್ಸಾದ ಪಾದ್ರಿಯೊಬ್ಬರು ಒಂದು ದಿನ ರಟ್ಟು ಕಿತ್ತ ದಪ್ಪ ಪುಸ್ತಕವೊಂದನ್ನು ಹೊಲಿದು ಕೊಡಲು ತಂದರು. ಕ್ರಿಸಾಂಡರನ ಸಂಪುಟ ಅದು. ಅದರ ಸಂಗೀತ ನನಗೆ ಒಂದಕ್ಷರವೂ ತಿಳಿಯದು. ಆದರೂ ಭೂತಗನ್ನಡಿ ಹಿಡಿದು ರಾತ್ರಿಯೆಲ್ಲ ನೋಡಿದೆ, ಏಕೆಂದರೆ ಅದು ನಮ್ಮ ಹಾಗೆ ಮೊಳೆ ಜೋಡಿಸಿ ಮಾಡಿದ ಅಚ್ಚಲ್ಲ.

ಪಾಶ್ಚಾತ್ಯ ಸಂಗೀತದ ತಗಡನ್ನು ಸೀಸ, ತವರ ಸೇರಿದ ಮೆತ್ತನೆಯ ಲೋಹದಲ್ಲಿ ಮಾಡುತ್ತಿದ್ದರು. ಐದು ಹಲ್ಲಿನ ಒಂದು ಸಾಧನದಿಂದ, ಸ್ವರಗಳು ಕೂರುವ ಐದು ಗೆರೆಗಳನ್ನು ಒಂದೇ ಎಳೆತಕ್ಕೆ ಎಳೆಯಬೇಕು. ಸ್ವರದ ಗುಂಡು ತಲೆಗಳನ್ನು ಉಕ್ಕಿನ ಮುದ್ರೆಯಿಟ್ಟು ಸುತ್ತಿಗೆಯಲ್ಲಿ ಬಡಿಯಬೇಕು. ಕಾಲುಗಳನ್ನೂ, ಸ್ವರಗಳನ್ನು ಬಳಸಿ ಬರುವ ಕಮಾನುಗಳನ್ನೂ ಚಾಣದಂಥ ಮೊನೆಯಿಂದ ಕೈಯಲ್ಲೇ ಕೊರೆಯಬೇಕು. ಇಷ್ಟನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುವಿ ಮಾಡಬೇಕು. ತಪ್ಪಾದರೆ ತಗಡನ್ನು ಮಗುಚಿ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಆ ಜಾಗವನ್ನು ಸಮ ಮಾಡಿ, ಮತ್ತೆ ಮುದ್ರೆ ಹೊಡೆಯುವುದು. ಭೂತಗನ್ನಡಿಯಲ್ಲಿ ತಲೆಗಳೆಲ್ಲ ಒಂದೇ ತಾಯಿಯ ಮಕ್ಕಳು. ಕಮಾನುಗಳು ಮಾತ್ರ ಒಂದೊಂದೂ ಒಂದೊಂದು ರೀತಿ, ತುದಿಯಲ್ಲಿ ಸಣ್ಣಗಾಗಿ ಕೈ ಎತ್ತಿದ್ದು ಕಾಣುತ್ತಿತ್ತು. ಪಾದ್ರಿಗಳು ಪುಸ್ತಕ ಒಯ್ಯಲು ಬಂದಾಗ ಇದನ್ನು ಮಾಡಿಸಿದವನು ಯಾರೆಂದು ಕೇಳಿದೆ. ಅವತ್ತು ಹಿಡಿದದ್ದು, ಇನ್ನೂ ಬಿಟ್ಟಿಲ್ಲ.

ಅಮ್ಮಾ, ನಾವೂ ಆಲೂಗಡ್ಡೆ ಬೆಳೆದು ಮಾರುತ್ತೇವೆ. ಬಿತ್ತನೆ ಗಡ್ಡೆಯ ದುಡ್ಡೂ ಹುಟ್ಟುವುದಿಲ್ಲ. ತರಕಾರಿ ಮಾರಿ ತೊಂಬತ್ತು ಪುಸ್ತಕ ಅಚ್ಚು ಹಾಕಿಸಿದ ಎಂದರೆ ನಂಬುವುದು ಹೇಗೆ?
— ರೈತ, ಶಾಂತಿಗ್ರಾಮ ಹೋಬಳಿ

ನಂಬಬೇಡಿ. ತರಕಾರಿಯೊಂದರಿಂದಲೇ ಆಯಿತು ಎಂಬ ಹಾಗೆ ನಾನು ಬರೆದದ್ದು ತಪ್ಪು. ಕತೆಯ ರುಚಿಗೆ ಒಂದು ಹಿಡಿ ಉಪ್ಪು ಹೆಚ್ಚಾಯಿತು.

ಲೆಕ್ಕ ಹೀಗಿದೆ. ಮೊದಲು ಹ್ಯಾನೋವರ್ ದೊರೆ ವರ್ಷಕ್ಕೆ ಸಾವಿರ ಥಾಲರ್ ಕೊಡುತ್ತಿದ್ದ. ಥಾಲರ್ ಎಂದರೆ ಆ ಕಾಲದ ಬೆಳ್ಳಿನಾಣ್ಯ. 1866ರಲ್ಲಿ ಅದು ನಿಂತಿತು. 1870ರಿಂದ ಪ್ರಷ್ಯದ ಸರ್ಕಾರವೇ ಆ ಕಾಣಿಕೆಯನ್ನು ಮುಂದುವರಿಸಿತು. ರಾಜ್ಯ ನುಂಗಿದವರು ಅದರ ಸಾಲವನ್ನೂ ಹೊರಬೇಕಲ್ಲ. ಇದಲ್ಲದೆ ಸಂಪುಟಗಳಿಗೆ ಚಂದಾದಾರರಿದ್ದರು. ಈ ಹಣಗಳ ನಡುವಿನ ಕಂದಕವನ್ನು ತುಂಬಿದ್ದು ತೋಟ. ಬರ್ಗೆಡಾರ್ಫ್ ಪಕ್ಕದ ಫೀರ್ಲಾಂಡೆ ತಗ್ಗುಸೀಮೆ ಹ್ಯಾಂಬರ್ಗ್ ಪೇಟೆಗೆ ಹಣ್ಣು, ತರಕಾರಿ, ಹೂವು ಕಳಿಸುವ ನಾಡು. ಮಗ್ಗುಲಲ್ಲೇ ಬಂದರಿನ ಊರು, ತಿನ್ನುವ ಬಾಯಿಗಳಿಗೆ ಕೊರತೆಯಿಲ್ಲ. ನಿಮಗೂ ಕಟ್ಟಿನಕೆರೆ ಮಾರುಕಟ್ಟೆ ಪಕ್ಕದಲ್ಲೇ ಇದೆ ಎನ್ನಬಹುದು. ಆದರೆ ಆತನಿಗೆ ಬೆಳೆ ಒಂದೇ ಆಗಿರಲಿಲ್ಲ, ನಿಮಗೆ ಆಲೂಗಡ್ಡೆ ಒಂದೇ. ಜಲಂಧರದ ಗಡ್ಡೆಗೆ ಸಾಲ ಮಾಡಿ, ಮಳೆ ಹಿಡಿದು ಅಂಗಮಾರಿ ಬಂದರೆ ಹೊಲವೆಲ್ಲ ನಾಲ್ಕು ದಿನದಲ್ಲಿ ಕರಿ ಹಿಡಿಯುವುದನ್ನು ನಾನೂ ನೋಡಿದ್ದೇನೆ. ನಮ್ಮ ಅಜ್ಜಿಯ ಮನೆ ದುದ್ದದ ಕಡೆ.

ಒಂದು ಮಾತು ಒಪ್ಪುತ್ತೀರಿ ಎಂದುಕೊಂಡಿದ್ದೇನೆ. ಬೆಳಿಗ್ಗೆ ತೋಟಕ್ಕೆ ನೀರು ಕಟ್ಟಿ ಮಧ್ಯಾಹ್ನ ತಗಡಿನ ಕರಡು ತಿದ್ದುವವನಿಗೆ, ಎರಡರಲ್ಲೂ ಒಂದೇ ಕೆಲಸ: ಕಳೆ ಕೀಳುವುದು.

ಸಂಗೀತಶಾಸ್ತ್ರಜ್ಞ ಎಂದರೆ ಹಾಡುವವನೇ? ಹಾಡಲು ಬಾರದವನು ಸಂಗೀತದ ಬಗ್ಗೆ ಏನು ಬರೆಯಬಲ್ಲ?
— ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ನಮ್ಮಲ್ಲಿ ಲಕ್ಷ್ಯ, ಲಕ್ಷಣ ಎಂಬ ಎರಡು ಮಾತು ಹಿಂದಿನಿಂದಲೂ ಇವೆ. ಹಾಡಿಕೆ ಲಕ್ಷ್ಯ, ಅದರ ಶಾಸ್ತ್ರ ಲಕ್ಷಣ. ಶಾರ್ಙ್ಗದೇವ, ವೆಂಕಟಮಖಿ ಲಕ್ಷಣಕಾರರು. ‘ಅವರು ಕಚೇರಿ ಕೊಟ್ಟಿದ್ದರೇ?’ ಎಂದು ಯಾರೂ ಕೇಳುವುದಿಲ್ಲ. ಯುರೋಪಿನಲ್ಲಿ ಈ ಲಕ್ಷಣದ ಕೆಲಸವನ್ನು ಇತಿಹಾಸ, ಭಾಷಾಶಾಸ್ತ್ರಗಳ ಸಾಲಿನಲ್ಲಿ ಕೂರಿಸಬೇಕು ಎಂದು ಹಟ ಹಿಡಿದವರಲ್ಲಿ ಕ್ರಿಸಾಂಡರ್ ಮೊದಲಿಗ. 1863ರಲ್ಲೇ ‘ಸಂಗೀತ ವಿಜ್ಞಾನ’ ಎಂಬ ಮಾತನ್ನು ಹೆಸರಿನಲ್ಲಿಟ್ಟುಕೊಂಡ ವಾರ್ಷಿಕ ಸಂಚಿಕೆಯೊಂದನ್ನು ತಂದ. ಎರಡನೆಯ ಸಂಚಿಕೆ 1867ರಲ್ಲಿ ಬಂತು. ವಾರ್ಷಿಕ ಎಂದಮೇಲೆ ನಾಲ್ಕು ವರ್ಷ ಏಕೆ ಎಂದು ಕೇಳಬೇಡಿ. ಸಣ್ಣ ಪತ್ರಿಕೆ ನಡೆಸಿದವರಿಗೆ ಗೊತ್ತು.

1885ರಲ್ಲಿ ಆತ, ಬಾಖ್‌ನ ಜೀವನಚರಿತ್ರೆ ಬರೆದ ಫಿಲಿಪ್ ಸ್ಪಿಟ್ಟಾ, ಇನ್ನೂ ಮೂವತ್ತು ತುಂಬದ ಗೀಡೋ ಆಡ್ಲರ್ ಮೂವರೂ ಕೂಡಿ ತ್ರೈಮಾಸಿಕವೊಂದನ್ನು ಶುರುಮಾಡಿದರು. ಸಂಗೀತಶಾಸ್ತ್ರದ ವ್ಯಾಪ್ತಿ ಏನು, ವಿಧಾನ ಏನು, ಗುರಿ ಏನು ಎಂದು ಆಡ್ಲರ್ ಅದರಲ್ಲಿ ಬರೆದ ಲೇಖನವನ್ನು ಈ ವಿದ್ಯೆಯ ಪಾಠ ಹೇಳುವವರು ಇಂದಿಗೂ ನೆನೆಯುತ್ತಾರೆ.

ಅದೇ ಮೊದಲ ವರ್ಷದ ಸಂಪುಟದಲ್ಲಿ ಕ್ರಿಸಾಂಡರನದೂ ಒಂದು ಲೇಖನವಿದೆ. ಹ್ಯಾಂಡೆಲ್ ಬಗ್ಗೆ ಅಲ್ಲ. ತಲೆಬರಹವನ್ನು ಕನ್ನಡಕ್ಕೆ ತಂದರೆ ‘ಪ್ರಾಚೀನ ಭಾರತದ ಯಜ್ಞಸಂಗೀತ’! ಜೀವಮಾನವೆಲ್ಲ ಒಬ್ಬನ ಹಿಂದೆ ಬಿದ್ದವನು, ಹೊಸ ಶಾಸ್ತ್ರಕ್ಕೆ ಗುದ್ದಲಿಪೂಜೆ ಮಾಡುವಾಗ ನಮ್ಮ ಹೋಮಕುಂಡದ ಕಡೆ ತಿರುಗಿದ. ಯಜ್ಞದ ಸಂಗೀತ ಎಂದರೆ ನಮಗೆ ಸಾಮಗಾನವೇ ನೆನಪಾಗುವುದು. ಅದಕ್ಕೆ ಒಂಬತ್ತು ವರ್ಷ ಮೊದಲು, 1876ರಲ್ಲಿ, ಸಾಮವೇದಕ್ಕೆ ಸೇರಿದ ಆರ್ಷೇಯ ಬ್ರಾಹ್ಮಣವನ್ನು ಎ.ಸಿ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಅಚ್ಚು ಹಾಕಿಸಿದ್ದ. ಎಲ್ಲಿ ಗೊತ್ತೇ? ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿ. 1894ರಲ್ಲಿ ಕಿಟ್ಟೆಲ್ಲರ ನಿಘಂಟು ಹೊರಬಂದದ್ದೂ ಅಲ್ಲಿಂದಲೇ. ನಿಮ್ಮ ಊರಿನಿಂದ ಚಾರ್ಮಾಡಿ ಇಳಿದರೆ ಅರ್ಧ ದಿನದ ದಾರಿ.

ಹಾಡಲು ಬಾರದವನು ಏನು ಬರೆಯಬಲ್ಲ ಎಂದು ಕೇಳಿದಿರಿ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣಕ್ಕೆ ಒಮ್ಮೆ ಹೋಗಿ ಬನ್ನಿ. ಕಾವೇರಿ ದಂಡೆಯ ಸಣ್ಣ ಊರು, ವಿದ್ವಾನ್ ಆರ್.ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ್ದು ಅಲ್ಲಿ. ತಂಬೂರಿಯ ಆಕಾರದ ಮಂದಿರವನ್ನೂ ಕಟ್ಟಿದ್ದಾರೆ. ನಾನು ಹೋದಾಗ ಜಗುಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರು, ಒಳಗೆ ಮೊಮ್ಮಗಳು ಅಭ್ಯಾಸ ಮಾಡುತ್ತಿದ್ದಾಗ, ಹುರುಳಿಕಾಯಿ ನಾರು ತೆಗೆಯುತ್ತಲೇ ‘ಗಾಂಧಾರ ಇಳಿಯಿತು’ ಎಂದರು. ಅವರು ಹಾಡಿದ್ದನ್ನು ಯಾರೂ ಕೇಳಿಲ್ಲವಂತೆ.

ಸತ್ತು ನೂರು ವರ್ಷವಾದವನ ಕೈಬರಹದಲ್ಲಿ ಇವರು ಅಂಥದ್ದೇನನ್ನು ಹುಡುಕುತ್ತಾರೆ? ಸ್ವರ ನೋಡಿಕೊಂಡು ನಕಲು ಮಾಡಿದರೆ ಮುಗಿಯಿತಲ್ಲವೇ?
— ನಿವೃತ್ತ ಗ್ರಾಮಲೆಕ್ಕಿಗ, ಸಕಲೇಶಪುರ

ಪಹಣಿ ಬರೆದ ಕೈಗಳ ನೀವೇ ಹೀಗೆ ಕೇಳಬಹುದೇ? ಮೂಲದಲ್ಲಿ ‘ಗುಂಟೆ’ ಇದ್ದದ್ದು ನಕಲಿನಲ್ಲಿ ‘ಎಕರೆ’ ಆಗಿ ಮೂರು ತಲೆಮಾರು ಕೋರ್ಟಿಗೆ ಅಲೆದವರನ್ನು ನನಗಿಂತ ನೀವು ಹೆಚ್ಚು ನೋಡಿರುತ್ತೀರಿ.

ಹ್ಯಾಂಡೆಲ್‌ನ ಕೈಬರಹಗಳು ಇಂಗ್ಲೆಂಡಿನ ಅರಮನೆಯ ಸಂಗ್ರಹದಲ್ಲಿದ್ದವು. ಕ್ರಿಸಾಂಡರ್ ಮತ್ತೆ ಮತ್ತೆ ಲಂಡನ್ನಿಗೆ ಹೋಗಿ ಅವುಗಳ ಮುಂದೆ ಕೂತ. ಇನ್ನೊಂದು ಕಟ್ಟು, ಹ್ಯಾಂಡೆಲ್ ತಾನೇ ಮುಂದೆ ನಿಂತು ನಡೆಸುವಾಗ ಬಳಸುತ್ತಿದ್ದ ಪ್ರತಿಗಳು. ಅವು 1868ರಲ್ಲಿ ಹ್ಯಾಂಬರ್ಗಿನ ಗ್ರಂಥಾಲಯ ಸೇರಿದವು. ಅದರ ಹಿಂದೆ ಕ್ರಿಸಾಂಡರನ ಓಡಾಟವಿತ್ತು. ಒಂದು ಕೃತಿಗೆ ಒಂದೇ ಮೂಲವಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಬರೆದಾಗ ಒಂದು ರೀತಿ, ಹಾಡಿಸುವಾಗ ಆ ವರ್ಷದ ಗಾಯಕಿಯ ಶ್ರುತಿಗೆ ತಕ್ಕಂತೆ ಇನ್ನೊಂದು ರೀತಿ.

ಕೈಬರಹದಲ್ಲಿ ಸ್ವರವಷ್ಟೇ ಇರುವುದಿಲ್ಲ. ಹ್ಯಾಂಡೆಲ್‌ಗೆ ಒಂದು ಅಭ್ಯಾಸವಿತ್ತು. ತಾರೀಖು ಹಾಕುವಾಗ ವಾರದ ಹೆಸರು ಬರೆಯುತ್ತಿರಲಿಲ್ಲ, ಆಯಾ ಗ್ರಹದ ಗುರುತು ಹಾಕುತ್ತಿದ್ದ. ಇಂಗ್ಲಿಷಿನವರಿಗೆ ಇದನ್ನು ವಿವರಿಸಬೇಕಾಗುತ್ತದೆ. ನಮಗೆ ಅದರ ಅಗತ್ಯವೇ ಇಲ್ಲ, ಸೋಮ, ಮಂಗಳ, ಬುಧ ಎಂದು ಗ್ರಹಗಳನ್ನೇ ಎಣಿಸಿ ವಾರ ಕಳೆಯುವವರು ನಾವು. 1741ರ ಆಗಸ್ಟ್ 22ರಂದು ಶನಿಯ ಗುರುತು ಹಾಕಿ, ಆ ‘ಹಲ್ಲೆಲೂಯಾ’ ಬರುವ ‘ಮೆಸ್ಸಾಯ’ವನ್ನು ಆರಂಭಿಸಿದ, ಇಪ್ಪತ್ತನಾಲ್ಕು ದಿನಕ್ಕೆ ಮುಗಿಸಿದ. ಶನಿವಾರ ಶುಭಕಾರ್ಯ ಬೇಡ ಎನ್ನುವ ನಮ್ಮ ಸೋದರತ್ತೆಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಇನ್ನೊಂದು ಪುಟವಿದೆ. ಕಡೆಯ ದೊಡ್ಡ ಕೃತಿ ‘ಜೆಫ್ತಾ’. ಎರಡನೆಯ ಅಂಕದ ಕೊನೆಯಲ್ಲಿ, ದೇವರ ತೀರ್ಮಾನಗಳು ಎಷ್ಟು ಕತ್ತಲು, ಮನುಷ್ಯರ ಕಣ್ಣಿಗೆ ಕಾಣವು ಎಂದು ಎಲ್ಲರೂ ಕೂಡಿ ಹಾಡುವ ಭಾಗ. ಅಲ್ಲಿ ಲೇಖನಿ ನಿಂತಿದೆ. ಪುಟದ ಕೆಳಗೆ ಜರ್ಮನ್ ಭಾಷೆಯಲ್ಲಿ ಒಂದು ಟಿಪ್ಪಣಿ: ಇಲ್ಲಿಯವರೆಗೆ ಬಂದೆ, 1751ರ ಫೆಬ್ರವರಿ 13, ಬುಧನ ಗುರುತು, ಎಡಗಣ್ಣಿನ ದೃಷ್ಟಿ ಸೋತದ್ದರಿಂದ ಮುಂದುವರಿಯಲಾಗಲಿಲ್ಲ. ಸುಮಾರು ನಲವತ್ತು ವರ್ಷ ಲಂಡನ್ನಿನಲ್ಲಿ ಕಳೆದು, ಇಂಗ್ಲಿಷ್ ಮಾತುಗಳಿಗೆ ರಾಗ ಕಟ್ಟಿದವನು ನೋವನ್ನು ಬರೆದುಕೊಂಡದ್ದು ತಾಯಿನುಡಿಯಲ್ಲಿ. ಹತ್ತು ದಿನ ಬಿಟ್ಟು 23ನೆಯ ತಾರೀಖು, ಶನಿಯ ಗುರುತು: ಸ್ವಲ್ಪ ವಾಸಿ, ಮತ್ತೆ ಕೆಲಸ ಹಿಡಿದೆ. ಅವತ್ತು ಅವನ ಅರವತ್ತಾರನೆಯ ಹುಟ್ಟುಹಬ್ಬ.

ಸ್ವರ ಮಾತ್ರ ನಕಲು ಮಾಡಿದ್ದರೆ ಈ ಎರಡು ಸಾಲು ಉದುರಿ ಹೋಗುತ್ತಿದ್ದವು. ಕ್ರಿಸಾಂಡರ್ 1885ರಲ್ಲಿ ಜೆಫ್ತಾದ ಇಡೀ ಕೈಬರಹವನ್ನು ಇದ್ದದ್ದು ಇದ್ದ ಹಾಗೆ, ಚಿತ್ತು ಕಾಟುಗಳ ಸಮೇತ, ಪ್ರತಿಬಿಂಬವಾಗಿ ಅಚ್ಚು ಹಾಕಿದ. 1892ರಲ್ಲಿ ಮೆಸ್ಸಾಯದ ಕೈಬರಹವನ್ನೂ ಹಾಗೆಯೇ ತಂದ. ಹೋಗಲಿ, ನಿಮ್ಮ ಕಾಗದದ ಕೊನೆಯಲ್ಲೇ ‘ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯಾಗಿದೆ, ಅಕ್ಷರ ಓರೆಯಾಗಿದ್ದರೆ ಕ್ಷಮಿಸಿ’ ಎಂದು ಬರೆದಿದ್ದೀರಿ. ಅಕ್ಷರ ನೆಟ್ಟಗಿದೆ.

ಆತ ತಪ್ಪು ಮಾಡಲೇ ಇಲ್ಲವೇ?
— ಅನಾಮಿಕ, ಅರಸೀಕೆರೆ

ಧಾರಾಳವಾಗಿ ಮಾಡಿದ. ಯಾವ ಮೂಲದಿಂದ ಏನನ್ನು ತೆಗೆದುಕೊಂಡೆ, ಬೇರೆ ಪ್ರತಿಯಲ್ಲಿ ಏನಿತ್ತು ಎಂಬುದನ್ನು ಪುಟಪುಟಕ್ಕೂ ಹೇಳುವ ತಾಳ್ಮೆ ಅವನಿಗಿರಲಿಲ್ಲ. ತನಗೆ ಸರಿ ಕಂಡದ್ದೇ ಸರಿ ಎಂದು ನಡೆದುಬಿಟ್ಟ. ಕೊನೆಯ ವರ್ಷಗಳಲ್ಲಿ ಹ್ಯಾಂಡೆಲ್‌ನ ಉದ್ದ ಕೃತಿಗಳನ್ನು ಕತ್ತರಿಸಿ, ಪ್ರದರ್ಶನಕ್ಕೆ ಹೊಂದಿಸಿ, 1890ರ ದಶಕದಲ್ಲಿ ಮೈಂಟ್ಸ್ ನಗರದಲ್ಲಿ ಹಾಡಿಸಿದ. ಆ ಕತ್ತರಿ ಪ್ರಯೋಗವನ್ನು ನಾನು ಒಪ್ಪುವುದಿಲ್ಲ. ಇಡೀ ಸಂಪುಟ ಕೊಟ್ಟ ಕೈಯೇ ಹೀಗೆ ಮಾಡಬಾರದಿತ್ತು. ಈಗಿನ ವಿದ್ವಾಂಸರು 1955ರಿಂದ ಹೊಸದಾಗಿ ಹಾಲೆಯ ಆವೃತ್ತಿಯನ್ನು ತರುತ್ತಿದ್ದಾರೆ.

ಅವನ ಪರವಾಗಿ ಒಂದು ಸಾಕ್ಷಿ ಹೇಳಬೇಕು. ಹ್ಯಾಂಡೆಲ್ ಬೇರೆಯವರ ಸಂಗೀತವನ್ನು ಎತ್ತಿ ತನ್ನದರಲ್ಲಿ ಬೆರೆಸುತ್ತಿದ್ದನೆಂಬ ಮಾತಿತ್ತು. ಭಕ್ತನಾದವನು ಅದನ್ನು ಮುಚ್ಚಿಡುತ್ತಿದ್ದ. ಕ್ರಿಸಾಂಡರ್ ಸ್ಟ್ರಾಡೆಲ್ಲಾ, ಯುರಿಯೋ, ಮುಫಾಟ್ ಮೊದಲಾದವರ ಮೂಲಗಳನ್ನು ಹುಡುಕಿ, ಅದೇ ಮಾಲೆಯ ಪುರವಣಿಯಾಗಿ ಅಚ್ಚು ಹಾಕಿದ. ತನ್ನ ದೇವರು 	ಯಾರ ಯಾರ ಹಿತ್ತಲಿನಲ್ಲಿ ಹೂ ಕಿತ್ತಿದ್ದನೆಂಬುದಕ್ಕೆ ತಾನೇ ಪುರಾವೆ ಒದಗಿಸಿದ.

ತಪ್ಪಿನ ಮಾತು ಬಂದದ್ದರಿಂದ ನನ್ನದನ್ನೂ ಹೇಳಬೇಕು. ಎಷ್ಟೋ ವರ್ಷದ ಹಿಂದೆ ಸಂಗೀತದ ಮೇಷ್ಟ್ರೊಬ್ಬರು ಸ್ವರಲಿಪಿಯ ಪುಸ್ತಕ ಮಾಡಿಸಲು ಬಂದರು. ಮುನ್ನೂರು ಪ್ರತಿ. ನಮ್ಮ ಸ್ವರಲಿಪಿಯಲ್ಲಿ ತಾರಸ್ಥಾಯಿಗೆ ಅಕ್ಷರದ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ. ನಮ್ಮ ಕೇಸಿನಲ್ಲಿ ಒತ್ತಕ್ಷರ, ದೀರ್ಘ, ಕೊಂಬು ಎಲ್ಲಕ್ಕೂ ಮೊಳೆಯಿತ್ತು, ಸ್ವರದ ತಲೆಯ ಮೇಲೆ ಕೂರುವ ಚುಕ್ಕಿಗೆ ಇರಲಿಲ್ಲ. ಸಣ್ಣ ಅಳತೆಯ ಪೂರ್ಣವಿರಾಮದ ಮೊಳೆಗಳನ್ನೇ ತೆಗೆದುಕೊಂಡು, ಸ್ವರಗಳ ಸಾಲಿನ ಮೇಲೆ ಚುಕ್ಕಿಗಳದೇ ಒಂದು ಸಾಲು ಮಾಡಿ, ನಡುವೆ ತೆಳು ಸೀಸದ ತುಣುಕುಗಳನ್ನು ತುಂಬಿ ಕಟ್ಟಿದೆ. ಬಹಳ ಜಾಣಳೆಂದುಕೊಂಡೆ. ಕಲ್ಯಾಣಿ ರಾಗದ ಕೃತಿಯೊಂದರಲ್ಲಿ ‘ಸ ನಿ ದ ಪ’ ಎಂದು ತಾರಷಡ್ಜದಿಂದ ಇಳಿಯುವ ಜಾಗ. ಫಾರಂ ಬಿಗಿಯುವಾಗ ಚುಕ್ಕಿಯ ಸಾಲು ಒಂದು ಅಕ್ಷರದಷ್ಟು ಬಲಕ್ಕೆ ಸರಿದಿದೆ. ಷಡ್ಜದ ಚುಕ್ಕಿ ನಿಷಾದದ ತಲೆಗೆ ಹೋಯಿತು. ಬರೆದ ಹಾಗೆ ಹಾಡಬೇಕಾದರೆ ಮಧ್ಯ ಷಡ್ಜದಿಂದ ತಾರನಿಷಾದಕ್ಕೆ ಜಿಗಿಯಬೇಕು, ಮನುಷ್ಯರ ಗಂಟಲಿಗೆ ಆಗದ ಮಾತು. ಕರಡನ್ನು ನಾನೇ ನೋಡಿದ್ದೆ. ಅಕ್ಷರ ನೋಡಿದೆ, ಚುಕ್ಕಿ ನೋಡಲಿಲ್ಲ.

ಮೇಷ್ಟ್ರು ಬೈಯಲಿಲ್ಲ. ಮರುದಿನ ಒಂದು ಬಾಟಲಿ ಮಸಿ, ಹಳೆಯ ಬ್ಲೇಡು ತಂದು ನಮ್ಮ ಅಂಗಡಿಯ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಬ್ಲೇಡಿನ ತುದಿಯಲ್ಲಿ ತಪ್ಪು ಚುಕ್ಕಿಯನ್ನು ಹೆರೆದು, ಪಕ್ಕದಲ್ಲಿ ಲೇಖನಿಯಿಂದ ಹೊಸ ಚುಕ್ಕಿ ಇಟ್ಟರು. ಮುನ್ನೂರು ಪ್ರತಿ, ಎರಡೂವರೆ ದಿನ. ಪ್ರತಿ ಸಲ ಚುಕ್ಕಿ ಇಡುವಾಗ ಆ ಸ್ವರವನ್ನು ಗುನುಗುತ್ತಿದ್ದರು. ತಾರಷಡ್ಜ ಎಂದರೆ ಏನೆಂದು ನಾನು ಕಲಿತದ್ದು ಹಾಗೆ.

ಮನೆಯನ್ನೇ ಅಚ್ಚುಕೂಟ ಮಾಡಿದವನ ಮಕ್ಕಳು ಏನಾದರು? ನಮ್ಮ ಯಜಮಾನರಿಗೂ ಇಂಥದೇ ಒಂದು ಹುಚ್ಚಿದೆ, ಅದಕ್ಕೆ ಕೇಳಿದೆ.
— ಗೃಹಿಣಿ, ಮೂಡಿಗೆರೆ

ಹೆದರಬೇಡಿ, ಮಗ ವೈದ್ಯನಾದ. ರುಡಾಲ್ಫ್ ಎಂದು ಹೆಸರು. ಯಾರಿಗೆ ವೈದ್ಯ, ಯಾರಿಗೆ ಆಪ್ತ ಕಾರ್ಯದರ್ಶಿ ಎಂದರೆ ನಗುತ್ತೀರಿ: ಬಿಸ್ಮಾರ್ಕನಿಗೆ. 1866ರಲ್ಲಿ ಹ್ಯಾನೋವರನ್ನು ನುಂಗಿ ಅಪ್ಪನ ಕಾಣಿಕೆ ನಿಲ್ಲುವಂತೆ ಮಾಡಿದ ಪ್ರಷ್ಯದ ಪ್ರಧಾನಿ, ಅದೇ ಬಿಸ್ಮಾರ್ಕ್. ಅಧಿಕಾರ ಬಿಟ್ಟ ಮೇಲೆ ಆತ ಬರ್ಗೆಡಾರ್ಫ್‌ಗೆ ಹತ್ತಿರದ ಫ್ರೀಡ್ರಿಶ್‌ರೂ ಎಂಬಲ್ಲಿ ತನ್ನ ಕಾಡುಜಮೀನಿನಲ್ಲಿ ನೆಲೆಸಿದ್ದ.

ನಿಮ್ಮ ಯಜಮಾನರ ಹುಚ್ಚು ಏನೆಂದು ಬರೆದಿಲ್ಲ. ಕಾಫಿ ತೋಟವನ್ನು ಅಡವಿಡುವ ಜಾತಿಯದಾದರೆ ಈ ಪುಟವನ್ನು ಅವರಿಗೆ ತೋರಿಸಬೇಡಿ.

ಎಲ್ಲವನ್ನೂ ಮುಗಿಸಿಯೇ ಸತ್ತನೇ?
— ಅಂಚೆ ಕಾರ್ಡು, ಹೆಸರಿಲ್ಲ, ಹಾಸನದ ಮುದ್ರೆ

ಇಲ್ಲ. ಹ್ಯಾಂಡೆಲ್‌ನ ಜೀವನಚರಿತ್ರೆಯನ್ನು 1858ರಲ್ಲಿ ಆರಂಭಿಸಿದ. ಮೂರನೆಯ ಸಂಪುಟ 1867ರಲ್ಲಿ ಬಂತು. ಅದು 1740ರವರೆಗಿನ ಕತೆ ಹೇಳಿ ನಿಂತಿತು, ಮತ್ತೆ ಮುಂದೆ ಹೋಗಲಿಲ್ಲ. ಮೆಸ್ಸಾಯ ಹುಟ್ಟಿದ್ದು 1741ರಲ್ಲಿ. ಕೃತಿಗಳ ಮಾಲೆಯಲ್ಲೂ ಅದೇ ಆಯಿತು. ಮೆಸ್ಸಾಯದ ಸಂಪುಟವನ್ನು ಮುಂದೂಡುತ್ತಲೇ ಬಂದ, 1901ರ ಸೆಪ್ಟೆಂಬರ್ 3ರಂದು ಬರ್ಗೆಡಾರ್ಫ್‌ನಲ್ಲಿ ತೀರಿಕೊಂಡ. ಮರುವರ್ಷ ಮಾಕ್ಸ್ ಸೈಫರ್ಟ್ ಎಂಬ ವಿದ್ವಾಂಸ ಅದನ್ನು ಮುಗಿಸಿ ಹೊರತಂದ. ಎಲ್ಲರೂ ಕೇಳುವ ಕೃತಿಯ ಹತ್ತಿರ ಬಂದು ಎರಡು ಸಲ ನಿಂತವನು.

ಆ ಸಂಪುಟಗಳ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಈಗ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಮೊಬೈಲಿನಲ್ಲಿ ಪುಟವನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, ಕಮಾನುಗಳ ತುದಿ ನೋಡಿ.

ನಮ್ಮ ತಾತ ಭಜನೆ ಮಂಡಳಿಯಲ್ಲಿ ಹಾಡುತ್ತಿದ್ದರು. ಅವರು ಹಾಡುಗಳನ್ನು ಬರೆದಿಟ್ಟ ಹನ್ನೊಂದು ನೋಟುಪುಸ್ತಕಗಳಿವೆ. ತಪ್ಪುಗಳನ್ನು ತಿದ್ದಿ ಪುಸ್ತಕ ಮಾಡಿಸಬಹುದೇ?
— ಬ್ಯಾಂಕ್ ನೌಕರೆ, ಕೊಣನೂರು

ಮಾಡಿಸಿ. ತಿದ್ದಬೇಡಿ, ಅಂದರೆ ಈಗಲೇ ತಿದ್ದಬೇಡಿ. ಮೊದಲು ರಟ್ಟಿನಿಂದ ರಟ್ಟಿಗೆ ಪ್ರತಿ ಪುಟದ ಫೋಟೊ ತೆಗೆಯಿರಿ, ಖಾಲಿ ಪುಟವನ್ನೂ ಬಿಡದೆ. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದರೆ ಮಾಸಿದ ಪೆನ್ಸಿಲ್ಲೂ ಕಾಣುತ್ತದೆ. ಹಿಂಬದಿಯಲ್ಲಿ ಹಾಲಿನ ಲೆಕ್ಕ, ದೊಣ್ಣೆಮೆಣಸಿನಕಾಯಿ ಸಸಿಗೆ ಕೊಟ್ಟ ದುಡ್ಡು ಬರೆದಿದ್ದರೆ ಅದೂ ಬೇಕು. ಯಾವ ವರ್ಷ ಬರೆದದ್ದೆಂದು ಹಾಲಿನ ದರವೇ ಹೇಳುತ್ತದೆ. ಒಂದೇ ಹಾಡು ಎರಡು ಪುಸ್ತಕದಲ್ಲಿ ಎರಡು ರೀತಿ ಇದ್ದರೆ ಒಂದನ್ನು ಕೊಂದು ಒಂದನ್ನು ಉಳಿಸಬೇಡಿ, ಎರಡನ್ನೂ ಅಕ್ಕಪಕ್ಕ ಬರೆದುಕೊಳ್ಳಿ. ತಾತನ ಜೊತೆ ಹಾಡಿದವರು ಯಾರಾದರೂ ಉಳಿದಿದ್ದರೆ ಅವರಿಂದ ಹಾಡಿಸಿ ಮೊಬೈಲಿನಲ್ಲಿ ಹಿಡಿಯಿರಿ, ಹಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ‘ಶ’ ಇರಬೇಕಾದ ಕಡೆ ‘ಸ’ ಇದೆ ಎಂದು ಬರೆದಿದ್ದೀರಿ. ತಾತ ಹಾಗೆ ಹಾಡುತ್ತಿದ್ದರೋ ಹಾಗೆ ಬರೆದರೋ ಎಂಬುದನ್ನು ಮೊದಲು ಅವರನ್ನು ಕೇಳಿದವರ ಹತ್ತಿರ ವಿಚಾರಿಸಿ.

ಇಷ್ಟಾದ ಮೇಲೆ ಹಾಸನಕ್ಕೆ ಬರುವಾಗ ಒಂದೆರಡು ಪುಸ್ತಕ ತನ್ನಿ. ನನ್ನ ವಿಳಾಸ ಸಂಪಾದಕರಲ್ಲಿದೆ. ಯಂತ್ರವನ್ನು ಗುಜರಿಗೆ ಹಾಕಿ ಬಹಳ ವರ್ಷವಾಯಿತು, ಭೂತಗನ್ನಡಿ ಇದೆ. ಸಂತೆಯ ದಿನ ಮಾತ್ರ ಬೇಡ, ಅವತ್ತು ನಮ್ಮ ಬೀದಿಯಲ್ಲಿ ಈರುಳ್ಳಿ ಗಾಡಿಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ.